ಬಾಗಿಲ ಅಂಚಿನ ನಾಲ್ಕು ಬೆರಳು

ಕಾಫಿ ಬಟ್ಟಲಿನಿಂದ ಹಬೆ ಏಳುವುದು ನಿಂತಿದೆ, ಗಂಡಿನ ಕಡೆಯ ಮುಂದಾಳು ಅಬು ಝೈದಾನ್ ಅದನ್ನು ಮುಟ್ಟಿಲ್ಲ, ಹೆಣ್ಣು ಕೇಳಲು ಬಂದ ಈ ನಲವತ್ತು ಗಂಡಸರಲ್ಲಿ ಯಾರೂ ಮುಟ್ಟುವಂತಿಲ್ಲ, ನಾನು ಕುಡಿಯಿರಿ ಎನ್ನಬೇಕು, ಎಂದರೆ ಹೆಣ್ಣು ಕೊಟ್ಟಂತೆ — ಏಲಕ್ಕಿಯ ವಾಸನೆ, ಅಂದೂ ಇದೇ ವಾಸನೆ, ಇದೇ ಕೋಣೆ, ಆ ಬಾಗಿಲ ಅಂಚಿನಲ್ಲಿ ನಾಲ್ಕು ಬೆರಳು. ಆಗ ಅವು ನನ್ನ ಮಗಳು ನಹಲಾಳವು, ಈಗ ಮೊಮ್ಮಗಳು ರುದೈನಾಳವು. ಅಬು ಝೈದಾನ್ ಇನ್ನೂ ಹೊಗಳುತ್ತಿದ್ದಾನೆ, ಅಬು ಗಾಲಿಬ್, ಈ ಕರಕ್ ಸೀಮೇಲಿ ನಿಮ್ಮಂಥ ತಿಳಿದವರು ಇನ್ಯಾರಿದ್ದಾರೆ, ನಿಮ್ಮ ಬಿಳಿ ಗಡ್ಡ ನೋಡಿಯೇ ನಾವು ಬಂದದ್ದು — ಥೂ, ಗಡ್ಡ ಆಡಿಗೂ ಇದೆ. ಬೆಳಿಗ್ಗೆ ನನ್ನ ಕಾಲಿಗೆ ಚಪ್ಪಲಿ ತೊಡಿಸುತ್ತಾ ಹುಡುಗಿ ತಲೆ ಎತ್ತದೆ ಹೇಳಿದಳು, ಅಜ್ಜಾ, ಮದುವೆಗೆ ಗೊತ್ತು ಮಾಡ್ತಿರೋ ಆ ಮನುಷ್ಯ ಎದುರಿಗೆ ಬಂದ್ರೆ ನಂಗೆ ಉಸಿರು ಕಟ್ಟುತ್ತೆ, ಅಪ್ಪ ಕೇಳಲ್ಲ, ನೀವು ಕುಡೀರಿ ಅನ್ಬೇಡಿ, ಅಷ್ಟೇ. ಅನ್ನಲ್ಲ ಕಣಮ್ಮ, ಎಂದೆ, ಗಡ್ಡ ಹಿಡಿದು ಆಣೆಯಿಟ್ಟು ಎಂದೆ. ನಹಲಾಗೂ ಹೀಗೇ ಅಂದಿದ್ದೆ, ಆಗ ಗಡ್ಡ ಕಪ್ಪಗಿತ್ತು, ಆಮೇಲೆ ಇಷ್ಟೇ ಜನರ ಕಣ್ಣು ನನ್ನ ಮೇಲೆ ಬಿದ್ದಾಗ ನಾಲಿಗೆ ತಾನಾಗಿ ಕುಡಿಯಿರಿ ಎಂದಿತು, ಎಲ್ಲರೂ ಭೇಷ್ ಎಂದರು, ಎಂಥ ದೊಡ್ಡ ಮನಸ್ಸು ಎಂದರು, ನಾನು ತಿಳಿದವನಾದದ್ದು ಆ ದಿನದಿಂದಲೇ. ಐದು ವರ್ಷಕ್ಕೆ ಅವಳು ತಿರುಗಿ ಬಂದಳು, ಹಿಂದಿನ ಕೋಣೆ ಸೇರಿದಳು, ಇಪ್ಪತ್ತಾರು ವರ್ಷ ನನ್ನ ಮುಂದೆ ಊಟದ ತಟ್ಟೆ ತಂದಿಟ್ಟಳು, ಸಾಯುವವರೆಗೂ ಒಂದು ಮಾತು ಆಡಲಿಲ್ಲ. ಊರೆಲ್ಲ ಬಂದು ನನ್ನ ಹತ್ತಿರ ಬುದ್ಧಿ ಕೇಳುತ್ತದೆ, ಎಪ್ಪತ್ತೊಂಬತ್ತು ವರ್ಷದಲ್ಲಿ ನಾನು ಕಲಿತದ್ದು ಇದೊಂದೇ, ಅಂದು ಕುಡಿಯಿರಿ ಎನ್ನಬಾರದಿತ್ತು, ಇದನ್ನು ಯಾರೂ ಕೇಳಿಲ್ಲ. ಹುಡುಗಿಯ ಅಪ್ಪ, ನನ್ನ ಮಗ ಗಾಲಿಬ್, ಕಿವಿಯ ಬಳಿ ಬಾಗುತ್ತಾನೆ, ಅಪ್ಪಾ, ಹೇಳಿ, ಕಾಫಿ ಆರ್ತಾ ಇದೆ. ಬೆರಳುಗಳು ಬಾಗಿಲನ್ನು ಬಿಗಿಯಾಗಿ ಹಿಡಿದಿವೆ, ಉಗುರು ಬಿಳಿಚಿಕೊಂಡಿವೆ, ಹೇಳು ಮುದುಕ, ಹೇಳು — ಕುಡೀಬೇಡಿ. ಹೇಳಿದೆ. ದೇವರಾಣೆ, ಹೇಳಿಬಿಟ್ಟೆ, ಜೋರಾಗಿಯೇ, ಕುಡೀಬೇಡಿ, ಹುಡುಗಿಗೆ ಇಷ್ಟ ಇಲ್ಲ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು, ಅಷ್ಟರಲ್ಲಿ ಗಾಲಿಬ್ ನಗುತ್ತಾನೆ, ನನ್ನ ಹೆಗಲ ಮೇಲೆ ಕೈಯಿಡುತ್ತಾನೆ, ರಚ್ಚೆ ಹಿಡಿದ ಮಗುವನ್ನು ಸಮಾಧಾನ ಮಾಡುವಂತೆ ತಟ್ಟುತ್ತಾನೆ, ತಪ್ಪು ತಿಳೀಬೇಡಿ ಅಬು ಝೈದಾನ್, ಅಪ್ಪಂಗೆ ವಯಸ್ಸಾಯ್ತು, ತೀರಿಹೋದ ಅಕ್ಕನ ಯೋಚನೇಲೇ ಇರ್ತಾರೆ, ಅಂದು ಯಾವುದು ಇಂದು ಯಾವುದು ಗೊತ್ತಾಗಲ್ಲ, ನೀವು ಕಾಫಿ ಕುಡೀರಿ, ಬಂದ ಕೆಲಸ ಆಯ್ತು. ಅಯ್ಯೋ ಪಾಪ, ಎನ್ನುತ್ತಾರೆ ಯಾರೋ, ದೇವರು ಹಿರಿಯರಿಗೆ ಆಯುಸ್ಸು ಕೊಡಲಿ. ಕೊಡಲಿ, ಇನ್ನೂ ಕೊಡಲಿ, ಸುಳ್ಳಾಡಿದ ದಿನ ನಾನು ತಿಳಿದವನು, ನಿಜ ಆಡಿದ ದಿನ ಅರಳುಮರಳು. ಬಟ್ಟಲುಗಳು ತುಟಿಗೆ ಹೋಗುತ್ತಿವೆ, ನಲವತ್ತು ಗಂಟಲು ಒಟ್ಟಿಗೆ ನುಂಗುವ ಸದ್ದು, ನಾನು ನೋಡಬಾರದು, ನೋಡುತ್ತೇನೆ, ಬಾಗಿಲ ಅಂಚಿನಲ್ಲಿ ಮೂರು ಬೆರಳು, ಎರಡು — ಕಿರುಬೆರಳು ಇನ್ನೂ ಬಿಟ್ಟಿಲ್ಲ, ಬಿಡಬೇಡ ಕಣಮ್ಮ — ಬಾಗಿಲ ಅಂಚು. ಬರೀ ಬಾಗಿಲ ಅಂಚು.