ಸಿಡಿಲಣ್ಣನ ಕಂಬಳಿ

ನಾನು ಒಂದು ಕಂಬಳಿ. ಆದರೆ ನನ್ನಲ್ಲಿ ಉಣ್ಣೆಯ ಒಂದು ಎಳೆಯೂ ಇಲ್ಲ. ಕುರಿಯ ಬೆನ್ನಿನ ಬಿಸಿಯನ್ನು ನಾನು ಕಂಡಿಲ್ಲ, ಮಗ್ಗ ಏರಿಲ್ಲ, ಗಟ್ಟಿಯಾಗಲೆಂದು ಹುಣಸೆಬೀಜದ ಗಂಜಿ ಕುಡಿದು ಬಿಸಿಲಿಗೆ ಮೈಯೊಡ್ಡಿಲ್ಲ. ನಾನು ಹುಟ್ಟಿದ್ದು ಮಸಿಯಿಂದ, ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನ ಮೇಲೆ. ಗದಗಿನ ಒಂದು ಅಡುಗೆಮನೆಯಲ್ಲಿ, ಒಲೆಯ ಮೇಲೆ ಬೇಳೆ ಕುದಿಯುತ್ತಿದ್ದಾಗ.

ನನ್ನನ್ನು ಬರೆದವಳು ಶಕುಂತಲಾ. ‘ಗಿರಿಗಿಟ್ಟಿ’ ಎಂಬ ಮಕ್ಕಳ ವಾರಪತ್ರಿಕೆಗೆ ಅವಳು ಚಿತ್ರ ಬರೆಯುತ್ತಿದ್ದಳು. ರೊಟ್ಟಿ ಬಡಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಕುಂಚ ಹಿಡಿಯುವಳು. ಹಾಲು ಉಕ್ಕಿದ ಸದ್ದಾದರೆ ಕುಂಚವನ್ನು ಬಾಯಲ್ಲಿ ಕಚ್ಚಿಕೊಂಡು ಓಡುವಳು. ಅವಳ ಮಗಳು ಕಸ್ತೂರಿಗೆ ಆಗಿನ್ನೂ ಶಾಲೆಗೆ ಹೋಗುವ ವಯಸ್ಸಲ್ಲ. ಗುಡುಗೆಂದರೆ ಆ ಮಗುವಿಗೆ ಪ್ರಾಣ ಹೋದಂತೆ. ಅಂದು ಸಂಜೆ ಮೋಡ ಗುಡುಗಿದ್ದೇ ತಡ, ಅಜ್ಜನ ಕರಿ ಕಂಬಳಿಯೊಳಗೆ ತೂರಿಕೊಂಡಿತು. ತಲೆಯೇನೋ ಒಳಗೆ ಹೋಯಿತು, ಕಾಲು ಹೊರಗೇ ಉಳಿದವು.

“ಕಾಲು ಹೊರಗ ಉಳದಾವ ನೋಡು. ಒಳಗ ತಗೊ,” ಎಂದಳು ತಾಯಿ.

ಕಾಲು ಒಳಗೆ ಹೋದವು. ಸ್ವಲ್ಪ ಹೊತ್ತಿಗೆ ಕಂಬಳಿಯೊಳಗಿಂದ ಒಂದು ಪ್ರಶ್ನೆ ಬಂತು. “ಯವ್ವಾ, ಕಂಬಳಿ ಇಲ್ಲದ ಹುಡುಗೂರಿಗೆ ಯಾರು ಹೊಚ್ಚತಾರ?”

ಶಕುಂತಲಾ ಕೈ ಒರೆಸಿಕೊಂಡಳು, ಕುಂಚ ಅದ್ದಿದಳು. ಒಬ್ಬ ಮನುಷ್ಯ ಮೂಡಿದ. ಅವನ ಮುಖ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವನ ಮುಖದಂತೆ ಸಾದಾ. ಆದರೆ ತಲೆಯ ಮೇಲಿಂದ ಹಿಮ್ಮಡಿಯವರೆಗೆ ಕೊಪ್ಪೆ ಹಾಕಿಕೊಂಡ ಕರಿ ಕಂಬಳಿ. ಅದೇ ನಾನು. ಅವನು ಬಲಗೈಯಲ್ಲಿ ನನ್ನ ಅಂಚು ಹಿಡಿದು, ಕೋಳಿ ರೆಕ್ಕೆ ಬಿಚ್ಚಿದ ಹಾಗೆ ಪಕ್ಕಕ್ಕೆ ಎತ್ತಿದ್ದ. ನನ್ನಡಿಯಲ್ಲಿ ಒಂದು ಕೂಸು, ಕಾಲು ಮಡಚಿಕೊಂಡು ಕೂತಿತ್ತು.

ಆ ಹಾಳೆಯನ್ನು ಶಕುಂತಲಾ ಅಡುಗೆಮನೆಯ ಕಪಾಟಿನ ಬಾಗಿಲಿಗೆ, ಒಳಮಗ್ಗುಲಿಗೆ ಅಂಟಿಸಿದಳು. ಇನ್ನೊಂದು ಹಾಳೆಯಲ್ಲಿ ಅದನ್ನೇ ಮತ್ತೆ ಬರೆದು ಪತ್ರಿಕೆಗೆ ಕೊಟ್ಟಳು. ಬರೆದ ಉಡುಪಿನ ಬದುಕೇ ಹಾಗೆ. ಎಲ್ಲೆಲ್ಲಿ ಬರೆದರೂ ಜೀವ ಒಂದೇ. ನಾನು ಕಪಾಟಿನಲ್ಲೂ ಇದ್ದೆ, ಪತ್ರಿಕೆಯಲ್ಲೂ ಇದ್ದೆ.

ಸಂಪಾದಕ ಅಂದಾನಪ್ಪನವರು ಚಿತ್ರ ನೋಡಿ ತಲೆದೂಗಿದರು. ಸಿಡಿಲು ಬಡಿದಾಗ ಬರುವವನು ಅಂತ ಅವನಿಗೆ ಸಿಡಿಲಣ್ಣ ಎಂದು ಹೆಸರಿಟ್ಟರು. ವಾರವಾರವೂ ಅವನ ಚಿತ್ರಕಥೆ ಬರತೊಡಗಿತು. ಅವನು ಯಾರಿಗೂ ಹೊಡೆಯುತ್ತಿರಲಿಲ್ಲ. ಕಳ್ಳ ಸಿಕ್ಕರೆ ತಲೆಯ ಮೇಲೆ ನನ್ನನ್ನು ಬೀಸಿ ಒಗೆದರೆ ಸಾಕು, ಕತ್ತಲಾಯಿತೆಂದು ಕಳ್ಳನೇ ಕೂಗಿಕೊಳ್ಳುತ್ತಿದ್ದ. ಕಥೆ ಯಾವುದೇ ಇರಲಿ, ಕೊನೆಯ ಚೌಕದಲ್ಲಿ ದಾರಿ ತಪ್ಪಿದ ಒಂದು ಕೂಸನ್ನು ಅವನು ಎಡಗಡೆ ನೋಡುತ್ತ, ಬಲಗೈ ಎತ್ತಿ, ನನ್ನೊಳಗೆ ಕರೆದುಕೊಳ್ಳುತ್ತಿದ್ದ. ಯಾಕೆ ಎಡಗಡೆ ನೋಡುತ್ತಾನೆಂದು ಕಸ್ತೂರಿ ಕೇಳಿದಾಗ, ಕೂಸು ಅಳುವುದನ್ನು ಯಾರೂ ನೋಡಬಾರದಲ್ಲ, ಅದಕ್ಕೇ ಅವನೂ ನೋಡುವುದಿಲ್ಲ ಎಂದಿದ್ದಳು ಶಕುಂತಲಾ.

ನಾನು ಬಾಳಿದ್ದು ಚೌಕಗಳೊಳಗೆ. ನಾಲ್ಕು ಗೆರೆ, ಅದರಾಚೆ ಬಿಳಿ. ಓದುವ ಮಕ್ಕಳ ಮುಖ ಅಷ್ಟು ಹತ್ತಿರ ಬಗ್ಗುತ್ತಿತ್ತು. ಕೆಲವಕ್ಕೆ ನೆಗಡಿ, ಕೆಲವಕ್ಕೆ ಕಣ್ಣು ಊದಿರುತ್ತಿತ್ತು. ಅವಕ್ಕೂ ಹೊಚ್ಚೋಣ ಎನ್ನಿಸುತ್ತಿತ್ತು. ಗೆರೆ ದಾಟಲು ಬರುತ್ತಿರಲಿಲ್ಲ. ಒಳಗಿನ ಕೂಸಿಗಾದರೂ ಆಗುತ್ತೇನಲ್ಲ ಎಂದು ಸಮಾಧಾನಪಟ್ಟುಕೊಳ್ಳುತ್ತಿದ್ದೆ.

ಮೊದಲ ಬದಲಾವಣೆ ಬಂದದ್ದು ಅಚ್ಚುಕೂಟದಿಂದ. ಪತ್ರಿಕೆಯ ಕಾಗದ ಅಗ್ಗದ್ದು, ತೆಳ್ಳಗಿನದು. ನಾನೋ ಅಡಿಯಿಂದ ಮುಡಿಯವರೆಗೆ ಕಪ್ಪು. ನನ್ನ ಮಸಿ ಹಾಳೆ ದಾಟಿ ಆಚೆ ಬದಿಗೆ ಇಳಿಯಿತು.

“ಶಕುಂತಲಕ್ಕಾರ, ನಿಮ್ಮ ಕಂಬಳಿ ಹಿಂದಿನ ಪುಟದ ಒಗಟು ನುಂಗಿಬಿಟ್ಟೇತ್ರೀ,” ಎಂದರು ಅಂದಾನಪ್ಪನವರು. “ಉತ್ತರ ಉಳದೇತಿ, ಪ್ರಶ್ನೆ ಇಲ್ಲ.”

ಅದಕ್ಕೊಂದು ಉಪಾಯವಿತ್ತು. ಮಡಿಕೆ ಬಿದ್ದ ಕಡೆ ಕಪ್ಪು ತುಂಬದೆ ಬಿಟ್ಟು, ಅಲ್ಲಿ ತಿಳಿನೀಲಿ ಹಚ್ಚುವುದು. ಕರಿಗೂದಲಿಗೆ ಹೊಳಪು ಕೊಡಲು ಚಿತ್ರ ಬರೆಯುವವರೆಲ್ಲ ಹಾಗೇ ಮಾಡುತ್ತಿದ್ದರು. ಮಸಿ ಕಡಿಮೆಯಾಯಿತು, ಒಗಟು ಬದುಕಿತು. ಶಕುಂತಲೆಯ ಕಣ್ಣಿಗೆ ನಾನಿನ್ನೂ ಕಪ್ಪೇ. ನೀಲಿಯೆಂದರೆ ಮಳೆಯಲ್ಲಿ ನೆನೆದ ಉಣ್ಣೆಯ ಹೊಳಪು. ನಾನೂ ಹಾಗೇ ತಿಳಿದಿದ್ದೆ.

ಮುಂದಿನದು ಅಷ್ಟು ಹಗುರಾಗಿರಲಿಲ್ಲ. ಬಸ್‌ ಸ್ಟ್ಯಾಂಡಿನ ಅಂಗಡಿಯಲ್ಲಿ ಬೇರೆ ಬೇರೆ ಊರಿನ ಪತ್ರಿಕೆಗಳು ತೂಗಾಡತೊಡಗಿದವು. ಅವುಗಳ ವೀರರು ಬಣ್ಣ ಬಣ್ಣದ ಬಿಗಿ ಉಡುಪು ತೊಟ್ಟು ಆಕಾಶದಲ್ಲಿ ಹಾರುತ್ತಿದ್ದರು. ನಮ್ಮ ಸಿಡಿಲಣ್ಣ ಯಾಕೆ ನಡೆದುಕೊಂಡೇ ಹೋಗುತ್ತಾನೆ ಎಂದು ಮಕ್ಕಳು ಕೇಳಿದರು. ಅಂದಾನಪ್ಪನವರು ಕೆಟ್ಟವರಲ್ಲ; ಪತ್ರಿಕೆ ಉಳಿಯಬೇಕಿತ್ತು. ಅವನೂ ಹಾರಲಿ, ಕಂಬಳಿ ಮೊಣಕಾಲಿಗಿಂತ ಮೇಲೆ ಬರಲಿ ಎಂದರು.

“ಹಾರ್ಲಿ ಬೇಕಾದ್ರ,” ಎಂದಳು ಶಕುಂತಲಾ. “ಕೂಸಿಗೆ ಹೊಚ್ಚುವಷ್ಟು ಅರಿವಿ ಮಾತ್ರ ಇರ್ಲಿ.”

“ಕಾಲ ಕಾಣದಿದ್ರ ಅಂವ ಹಾರಾಕತ್ತಾನೋ ನಿಂತಾನೋ ಹೆಂಗ ಗೊತ್ತಾಗಬೇಕ್ರೀ ಅಕ್ಕಾರ?”

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎನ್ನುತ್ತಾರೆ. ಇಲ್ಲಿ ಕಾಲು ಕಾಣಲೆಂದು ಹಾಸಿಗೆಯನ್ನೇ ಕತ್ತರಿಸಿದರು. ಶಕುಂತಲಾ ಒಂದು ವಾರ ಅವರು ಹೇಳಿದಂತೆ ಬರೆದು ನೋಡಿದಳು. ಕೊನೆಯ ಚೌಕಕ್ಕೆ ಬಂದಾಗ ಅವಳ ಕೈ ನಿಂತಿತು. ಎಷ್ಟು ಎಳೆದರೂ ನಾನು ಕೂಸಿನ ಸೊಂಟದವರೆಗೂ ಬರಲಿಲ್ಲ. ಒಲೆಯ ಮೇಲೆ ಅನ್ನ ಸೀದ ವಾಸನೆ ಬಂದರೂ ಅವಳು ಏಳಲಿಲ್ಲ. ಆಮೇಲೆ ಚೌಕವನ್ನು ಹೇಗೋ ಮುಗಿಸಿ, ಕುಂಚ ತೊಳೆದಿಟ್ಟಳು. ಮರುದಿನ ಚಿತ್ರ ಕೊಟ್ಟು ಬಂದವಳು ಮತ್ತೆ ಬರೆಯಲಿಲ್ಲ.

ಅವಳು ಬಿಟ್ಟು ಬರಬಹುದಿತ್ತು. ನಾನು ಬರುವ ಹಾಗಿರಲಿಲ್ಲ. ಸಿಡಿಲಣ್ಣ ಪತ್ರಿಕೆಯ ಸ್ವತ್ತು, ನಾನು ಅವನ ಮೈಮೇಲಿನ ಬಟ್ಟೆ.

ಅವಳ ಜಾಗಕ್ಕೆ ದತ್ತಣ್ಣ ಬಂದ. ಕೈ ಚುರುಕು, ಗೆರೆ ಚೆಂದ. ಅವನು ನನ್ನ ಹುಟ್ಟನ್ನು ಕಂಡವನಲ್ಲ. ಹಳೆಯ ಸಂಚಿಕೆಗಳನ್ನು ಎದುರಿಗಿಟ್ಟುಕೊಂಡು ನೋಡಿ ನೋಡಿ ಬರೆದ. ಮಡಿಕೆಯ ಹೊಳಪಿಗೆಂದು ಹಚ್ಚಿದ ನೀಲಿ ಅವನ ಕಣ್ಣಿಗೆ ಬಟ್ಟೆಯ ಬಣ್ಣವಾಗಿಯೇ ಕಂಡಿತು. ನನ್ನ ಕಪ್ಪು ಬರೀ ನೆರಳಾಯಿತು. ಹೀಗೆ ನಾನು ನೀಲಿಯಾದೆ. ಕಂಬಳಿಯನ್ನು ಯಾರಾದರೂ ನೀಲಿ ಮಾಡುತ್ತಾರೆಯೇ? ಹಾಗಾಗಿ ಇದು ರೇಷ್ಮೆಯೇ ಇರಬೇಕು ಎಂದುಕೊಂಡು ಜರಿಯ ಅಂಚನ್ನೂ ಇಟ್ಟ. ಮದುವೆಮನೆಯಲ್ಲಿ ಯಾರದೋ ಶಾಲು ಹೊದ್ದುಕೊಂಡು ನಿಂತವರ ಸಂಕೋಚ ನನಗೆ.

ಹೊಸಬರು ಬಂದಾಗ ಉಡುಪು ಯಾಕೆ ಬದಲಾಗುತ್ತದೆಂದು ಆಗ ತಿಳಿಯಿತು. ದತ್ತಣ್ಣನೇ ಒಮ್ಮೆ ಅಂದಾನಪ್ಪನವರಿಗೆ ಹೇಳಿದ್ದ: “ಇದ್ದಂಗ ಬರದ್ರ ನಾ ಬಂದದ್ದು ಯಾರಿಗೆ ಗೊತ್ತಾಕೈತ್ರೀ?”

ರೇಷ್ಮೆ ಸಾಲದ್ದಕ್ಕೆ ಕೂಸು ಮೆಲ್ಲಗೆ ಚೌಕದ ಮೂಲೆಗೆ ಸರಿಯಿತು. ನನ್ನ ಅಂಚು ಸಿಡಿಲಣ್ಣನ ಮುಷ್ಟಿಯಿಂದ ಜಾರಿತು. ಎತ್ತಿದ ಬಲಗೈ ಮಾತ್ರ ಹಾಗೇ ಉಳಿಯಿತು, ಎಡಕ್ಕೆ ತಿರುಗಿದ ಮುಖವೂ. ಅದು ಸಿಡಿಲಣ್ಣನ ಸಲಾಮು ಎಂದು ದತ್ತಣ್ಣ ತಿಳಿದ. ಮಕ್ಕಳೂ ಹಾಗೇ ತಿಳಿದರು. ಶಾಲೆಯ ಬಯಲಲ್ಲಿ ಎಲ್ಲರೂ ಎಡಕ್ಕೆ ಮುಖ ತಿರುಗಿಸಿ ಬಲಗೈ ಎತ್ತುವವರೇ.

ಕೆಲವು ಮಕ್ಕಳು ಟವೆಲನ್ನು ಕುತ್ತಿಗೆಗೆ ಬಿಗಿದುಕೊಂಡು ಕಾಂಪೌಂಡಿನಿಂದ ಹಾರಿದರು. ಒಬ್ಬನ ಕೈ ಮುರಿಯಿತು. ತಾಯಂದಿರು ಪತ್ರಿಕೆಯ ಕಚೇರಿಗೆ ಬಂದು ಕೂತರು. ಅವರ ಮೇಲೆ ನನಗೆ ಸಿಟ್ಟಿಲ್ಲ. ನಾನು ಹುಟ್ಟಿದ್ದೂ ಒಬ್ಬ ತಾಯಿಯ ಕೈಯಲ್ಲೇ. ಮುಂದಿನ ವಾರ ನನ್ನನ್ನು ತೆಗೆದುಹಾಕಿದರು. ಗುರುತಿಗೆ ಇರಲಿ ಎಂದು ಕುತ್ತಿಗೆಯ ಸುತ್ತ ಒಂದು ನೀಲಿ ಪಟ್ಟಿ ಬಿಟ್ಟರು. ಹಿಮ್ಮಡಿ ಮುಟ್ಟುತ್ತಿದ್ದ ನಾನು ಎರಡು ಬೆರಳಗಲದ ಕೊರಳಪಟ್ಟಿಯಾದೆ.

ಆ ಕಾಲದ ಒಂದು ಚೌಕ ನನಗೆ ಇಂದಿಗೂ ಮರೆಯದು. ಜೋರು ಮಳೆ. ಮೂಲೆಯಲ್ಲಿ ಒಂದು ಹುಡುಗಿ ನೆನೆಯುತ್ತ ನಿಂತಿದೆ. ಸಿಡಿಲಣ್ಣ ಅದರ ಪಕ್ಕದಲ್ಲೇ ಕೈ ಎತ್ತಿ ನಿಂತಿದ್ದಾನೆ. ಕೈಯಲ್ಲಿ ಏನೂ ಇಲ್ಲ. ನಾನು ಅವನ ಕೊರಳಲ್ಲಿದ್ದೇನೆ, ಕಾಣುತ್ತಿದೆ, ಬಿಚ್ಚಿಕೊಳ್ಳಲಾಗುತ್ತಿಲ್ಲ. ಅಚ್ಚಾದ ಮಳೆ ನಿಲ್ಲುವುದಿಲ್ಲ. ಆ ಸಂಚಿಕೆ ಯಾರ ಅಟ್ಟದಲ್ಲಿದೆಯೋ, ಆ ಹುಡುಗಿ ಅಲ್ಲಿ ಇನ್ನೂ ನೆನೆಯುತ್ತಿದೆ.

ಕಾಲ ಸರಿದು ‘ಗಿರಿಗಿಟ್ಟಿ’ ನಿಂತಿತು. ಕಪಾಟಿನ ಬಾಗಿಲಲ್ಲಿದ್ದ ನನ್ನ ಮೈಗೆ ಒಗ್ಗರಣೆಯ ಜಿಡ್ಡು ಹತ್ತಿತು. ಬಾಗಿಲು ತೆರೆದರೆ ಬೆಳಕು, ಮುಚ್ಚಿದರೆ ಜೀರಿಗೆ ಡಬ್ಬಿಯ ಕತ್ತಲು. ಶಕುಂತಲೆಯ ಕೂದಲು ನೆರೆಯಿತು. ಕಸ್ತೂರಿ ಇದೇ ಊರಲ್ಲಿ ಶಿಕ್ಷಕಿಯಾದಳು, ಅವಳಿಗೆ ತನು ಎಂಬ ಮಗಳು ಹುಟ್ಟಿದಳು. ಇಷ್ಟಾದರೂ ಶಕುಂತಲಾ ಸಿಡಿಲಣ್ಣನ ಹೆಸರೆತ್ತಲಿಲ್ಲ. ಬೀದಿಯಲ್ಲಿ ಯಾರಾದರೂ ಆ ಸಲಾಮು ಹೊಡೆದರೆ ಒಳಗೆ ಹೋಗಿಬಿಡುತ್ತಿದ್ದಳು.

ಒಂದು ದಿನ ರುಬೀನಾ ಎಂಬ ಹುಡುಗಿ ಮನೆ ಹುಡುಕಿಕೊಂಡು ಬಂದಳು. ಸಿಡಿಲಣ್ಣನನ್ನು ಮೊಬೈಲಿನಲ್ಲಿ ನೋಡುವ ಕಾರ್ಟೂನು ಮಾಡುತ್ತಿದ್ದ ತಂಡದವಳು. ಉಡುಪು ಮತ್ತೆ ಹೊಸದಾಗುವುದಿತ್ತು. ಅವಳ ತೊಡಕು ಬೇರೆಯದು. ನಿಂತ ಚಿತ್ರದಲ್ಲಿ ಕೈ ಸುಮ್ಮನೆ ಎತ್ತಿದ್ದರೆ ನಡೆಯುತ್ತದೆ. ಚಲಿಸುವ ಚಿತ್ರದಲ್ಲಿ ಕೈ ಎಲ್ಲಿಂದ ಎದ್ದಿತು, ಎಲ್ಲಿಗೆ ಇಳಿಯುತ್ತದೆ ಎಂದು ತಿಳಿಯದೆ ಬರೆಯಲು ಬಾರದು.

“ಆಂಟಿ, ಈ ಕೈ ಮುಂದ ಏನ್ ಮಾಡತೈತ್ರೀ?” ಎಂದು ಕೇಳಿದಳು. “ಯಾರನ್ನ ಕೇಳಿದ್ರೂ ಸಲಾಮು ಅಂತಾರ. ಸಲಾಮು ಹಿಂಗ್ ಇರಂಗಿಲ್ಲ.”

ಶಕುಂತಲಾ ಎದ್ದು ಕಪಾಟಿನ ಬಾಗಿಲು ತೆರೆದಳು. ರುಬೀನಾ ನನ್ನನ್ನು ನೋಡಿದಳು. ಕರಿ, ಉದ್ದ, ಹಿಮ್ಮಡಿಯವರೆಗೆ. ಕೂಸಿನ ಮಡಚಿದ ಕಾಲನ್ನೂ ನೋಡಿದಳು. ಆಮೇಲೆ ಶಕುಂತಲಾ ತನ್ನ ಸೆರಗಿನ ಅಂಚು ಹಿಡಿದು, ಮುಖ ಎಡಕ್ಕೆ ತಿರುಗಿಸಿ, ಬಲಗೈ ಎತ್ತಿ, ಅರ್ಧ ಸುತ್ತು ತಂದು ನೆಲದ ತನಕ ಇಳಿಸಿ ತೋರಿಸಿದಳು. ಹುಡುಗಿ ಇನ್ನೊಮ್ಮೆ ಕೇಳಿದಳು, ಮತ್ತೊಮ್ಮೆ ಕೇಳಿದಳು. ಶಕುಂತಲಾ ಬೇಸರಿಸದೆ ಮಾಡಿದಳು.

ಕಂಬಳಿಯನ್ನು ವಾಪಸು ತರಲು ತನ್ನ ಕೈಯಲ್ಲಿ ಆಗುವುದಿಲ್ಲ ಎಂದು ರುಬೀನಾ ಹೇಳಿಯೇ ಹೋದಳು. ಬಟ್ಟೆಯ ಒಂದೊಂದು ಮಡಿಕೆಯನ್ನೂ ಚಿತ್ರಚಿತ್ರಕ್ಕೂ ಹೊಸದಾಗಿ ಬರೆಯಬೇಕು. ಗೆರೆ ಕಡಿಮೆ ಮಾಡಿ ಎಂಬುದೇ ಮೇಲಿನವರ ಮಾತು. ಹೊಸ ಉಡುಪಿನಲ್ಲಿ ಕೊರಳಪಟ್ಟಿಯೂ ಉಳಿಯಲಿಲ್ಲ. ಶಕುಂತಲಾ ಬಾಗಿಲು ಮುಚ್ಚಿದಳು, ನನಗೆ ಮತ್ತೆ ಜೀರಿಗೆಯ ಕತ್ತಲಾಯಿತು. ನನ್ನ ಕಥೆ ಅಲ್ಲಿಗೆ ಮುಗಿಯಿತೆಂದುಕೊಂಡೆ.

ಈ ಬೇಸಿಗೆಯ ಒಂದು ಮಧ್ಯಾಹ್ನ. ಶಕುಂತಲಾ ಹಿಟ್ಟು ನಾದುತ್ತಿದ್ದಳು. ಉಪ್ಪಿಗೆಂದು ಕಪಾಟು ತೆರೆದವಳು ಮುಚ್ಚುವುದನ್ನು ಮರೆತಿದ್ದಳು. ನನ್ನ ಎದುರಿಗೆ ಹಿತ್ತಿಲ ಬಾಗಿಲು, ಅದರಾಚೆ ಬಟ್ಟೆ ಒಗೆಯುವ ಕಲ್ಲು. ಅಲ್ಲಿ ತನು ಮತ್ತು ಪಕ್ಕದ ಮನೆಯ ಪುಟ್ಟ ಹುಡುಗಿ ಆಡುತ್ತಿದ್ದರು. ತನು ಸಿಡಿಲಣ್ಣನಾಗಿದ್ದಳು.

ಒಣ ಗುಡುಗೊಂದು ಮೊಳಗಿತು. ಪುಟ್ಟ ಹುಡುಗಿ ಬೆದರಿತು. ತನು ಮುಖ ಎಡಕ್ಕೆ ತಿರುಗಿಸಿ ಬಲಗೈ ಎತ್ತಿದಳು. ಈ ಸಲ ಕೈ ಮೇಲೇ ನಿಲ್ಲಲಿಲ್ಲ. ರುಬೀನಾಳ ಕಾರ್ಟೂನಿನಲ್ಲಿ ಕಂಡ ಹಾಗೆ ಅರ್ಧ ಸುತ್ತು ಬಂದು ಕೆಳಗಿಳಿಯತೊಡಗಿತು. ಯಾರೂ ಹೇಳಿಕೊಡದೆ ಆ ಪುಟ್ಟದು ಓಡಿಬಂದು ಆ ಕೈಯ ಅಡಿಯಲ್ಲಿ ತೂರಿ ಕೂತಿತು, ಕಣ್ಣು ಮುಚ್ಚಿಕೊಂಡು.

ನನ್ನನ್ನು ಕತ್ತರಿಸಿದರು, ಬಣ್ಣ ಬದಲಿಸಿದರು, ಕೊನೆಗೆ ಅಳಿಸಿಯೇ ಬಿಟ್ಟರು. ಕಪಾಟಿನ ಬಾಗಿಲಿಗೆ ಅಂಟಿದ ನಾನು ಇಲ್ಲಿಂದ ಬಿಡಿಸಿಕೊಳ್ಳಲಾರೆ. ಆದರೂ ಆ ಕೈಯ ಕೆಳಗೆ, ಏನೂ ಇಲ್ಲದ ಆ ಜಾಗದಲ್ಲಿ, ನನ್ನ ಉದ್ದ ಅಗಲ ಸರಿಯಾಗಿ ಇತ್ತು.

ಶಕುಂತಲಾ ಹಿಟ್ಟಿನ ಕೈಯಲ್ಲೇ ಬಾಗಿಲವರೆಗೆ ಬಂದು ನಿಂತಿದ್ದಳು.

“ಕಾಲು ಹೊರಗ ಉಳದಾವ ನೋಡವ್ವಾ,” ಎಂದಳು ಮೆಲ್ಲಗೆ. “ಒಳಗ ತಗೊ.”

ಪುಟ್ಟ ಹುಡುಗಿ ಕಣ್ಣು ತೆರೆಯದೆ ಕಾಲು ಒಳಗೆ ಎಳೆದುಕೊಂಡಿತು.