ಪ್ಲೈವುಡ್ಡಿನ ಕಾರ್ಡು

ಬಡಗಿಯ ಮಗಳನ್ನು ಮನೆಯಲ್ಲಿ ಎಲ್ಲರೂ ಮೊಳೆ ಎಂದು ಕರೆಯುತ್ತಿದ್ದರು. ಕೆಲಸ ಮಾಡುವಾಗ ಅಪ್ಪ ತುಟಿಗಳ ನಡುವೆ ಕಚ್ಚಿಕೊಂಡಿರುವ ಮೊಳೆ ಎಷ್ಟು ಮಾತಾಡುತ್ತದೋ ಅವಳೂ ಅಷ್ಟೇ ಮಾತಾಡುತ್ತಿದ್ದಳು. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು ಆಮೇಲಿನ ಆರು ವರ್ಷವನ್ನು ಅಪ್ಪನ ಕೆಲಸದ ಕೋಣೆಯಲ್ಲಿ ಉಪ್ಪುಕಾಗದದಿಂದ ಹಲಗೆ ಉಜ್ಜುತ್ತ, ಅಪ್ಪನ ಕೈಯನ್ನೇ ನೋಡುತ್ತ ಕಳೆದಿದ್ದಳು. ಬಾಯಿಗೆ ಕೆಲಸವಿಲ್ಲದ್ದಕ್ಕೋ ಏನೋ, ಅವಳ ಕಣ್ಣು ಎರಡಾಳಿನ ಕೆಲಸ ಮಾಡುತ್ತಿತ್ತು. ಬಾಗಿಲು ಕೂದಲೆಳೆಯಷ್ಟು ಓರೆಯಾಗಿದ್ದರೂ ಬೀದಿಯಲ್ಲಿ ನಿಂತೇ ಹೇಳುವಳು. ಹೇಳುವಳು ಎಂದರೆ, ಅಪ್ಪನ ತೋಳು ಮುಟ್ಟಿ ಬೆರಳು ತೋರಿಸುವಳು.

ಹೋದ ವರ್ಷ ಯಾರದೋ ಮನೆಯ ಅಟ್ಟಕ್ಕೆ ಬಾಗಿಲು ಕೂರಿಸುವಾಗ ಅಪ್ಪ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ. ಮೂಳೆ ಕೂಡಿತು. ಆದರೆ ಹೆಚ್ಚು ಹೊತ್ತು ನಿಲ್ಲುವ ಹಾಗಿಲ್ಲ, ಭಾರ ಎತ್ತುವ ಹಾಗಂತೂ ಇಲ್ಲವೇ ಇಲ್ಲ. ಕೂತು ಮಾಡುವ ಕೆಲಸ ಏನಿದೆ ಎಂದು ತಲೆ ಕೆಡಿಸಿಕೊಂಡು ಮೊಳೆ ಒಂದು ಹಳೆಯ ಕಂಪ್ಯೂಟರ್ ತರಿಸಿದಳು. ಯಾವುದೋ ಕಚೇರಿ ಹತ್ತು ವರ್ಷ ದುಡಿಸಿಕೊಂಡು ಹೊರಗೆ ಹಾಕಿದ್ದ ಕಪ್ಪು ಡಬ್ಬ ಅದು. ಅಡುಗೆಮನೆಗಳ, ಕಪಾಟುಗಳ ನಕ್ಷೆ ಬರೆಯುವುದನ್ನು ಅವಳು ಫೋನಿನ ವಿಡಿಯೊ ನೋಡಿ ಮೊದಲು ತಾನು ಕಲಿತಳು, ಆಮೇಲೆ ಅಪ್ಪನಿಗೆ ಕಲಿಸಿದಳು. ನಕ್ಷೆ ಅಪ್ಪನದು, ಎತ್ತಿ ಇಳಿಸಿ ಕೂರಿಸುವುದು ಅವನ ಹಳೆಯ ಜೊತೆಗಾರರದು ಎಂದು ಮಾತಾಗಿತ್ತು. ಶುರುವಿನಲ್ಲಿ ಅಪ್ಪ ಮೌಸನ್ನು ಹಲಗೆ ಹೆರೆಯುವ ಕೀಸುಳಿ ಹಿಡಿದ ಹಾಗೆ ಹಿಡಿದು, ಮೈಭಾರವೆಲ್ಲ ಹಾಕಿ ತಳ್ಳುತ್ತಿದ್ದ. ಎರಡು ಮೌಸು ಅವನ ಕೈಯಲ್ಲೇ ಪ್ರಾಣ ಬಿಟ್ಟವು. ಮೂರನೆಯದರ ಹೊತ್ತಿಗೆ ಕೈ ಹಗುರವಾಯಿತು.

ದಿನವಿಡೀ ಅದರ ಮುಂದೆ ಕೂತಿರುವ ಗಂಡನನ್ನು ನೋಡಿ ಅಮ್ಮ ಆ ಡಬ್ಬಕ್ಕೆ ಸವತಿ ಎಂದು ಹೆಸರಿಟ್ಟಳು. ಊಟಕ್ಕೆ ಕರೆಯುವಾಗ, ಸವತಿಯ ಅಪ್ಪಣೆಯಾಗಿದ್ದರೆ ಬರಬಹುದು ಎನ್ನುವಳು.

ಸವತಿಗೆ ಒಂದು ಕಾಯಿಲೆಯಿತ್ತು. ನಕ್ಷೆ ಕಾಗದದ ಮೇಲಿನ ಗೆರೆಗಳ ಹಾಗೆ ಮಲಗಿರುವಷ್ಟು ಹೊತ್ತು ಎಲ್ಲ ಸರಿ. ಅದನ್ನು ಎಬ್ಬಿಸಿ ನಿಲ್ಲಿಸಿ, ನಿಜವಾದ ಕೋಣೆಯ ಹಾಗೆ ಸುತ್ತ ತಿರುಗಿಸಿ ತೋರಿಸಲು ಹೋದರೆ ಉಬ್ಬಸ ಬರುತ್ತಿತ್ತು. ಅಡುಗೆಮನೆ ಅರ್ಧ ತಿರುಗಿ ನಿಂತುಬಿಡುವುದು. ಕಪಾಟಿನ ಬಾಗಿಲುಗಳು ಗಾಳಿಯಲ್ಲಿ ತೇಲುವವು, ಪಾತ್ರೆ ತೊಳೆಯುವ ತೊಟ್ಟಿ ಸೂರಿಗೆ ಅಂಟಿಕೊಳ್ಳುವುದು, ಕೊನೆಗೆ ಪರದೆಯೇ ಕಪ್ಪಾಗುವುದು.

ಹೀಗಿರುವಾಗ ಒಬ್ಬ ಮುಖ್ಯೋಪಾಧ್ಯಾಯಿನಿ ಹೇಳಿ ಕಳಿಸಿದರು. ಹೊಸ ಮನೆಗೆ ಅಡುಗೆಮನೆ ಮಾಡಿಸಬೇಕು, ಅಂದಾಜು ಅಳತೆ ಬರೆದು ಕಳಿಸಿದ್ದೇನೆ, ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬರುತ್ತೇನೆ, ಎಲ್ಲವನ್ನೂ ಕಣ್ಣಾರೆ ತಿರುಗಿಸಿ ತೋರಿಸಿದರೆ ಮಾತ್ರ ಮುಂದಿನ ಮಾತು, ಇಲ್ಲದಿದ್ದರೆ ಸಿದ್ಧ ಅಡುಗೆಮನೆ ಮಾರುವ ದೊಡ್ಡ ಅಂಗಡಿ ಇದ್ದೇ ಇದೆ ಎಂದು. ಬಿದ್ದ ಮೇಲೆ ಅಪ್ಪನನ್ನು ಹುಡುಕಿಕೊಂಡು ಬಂದ ಮೊದಲ ದೊಡ್ಡ ಕೆಲಸ ಅದು. ಆ ಮಧ್ಯಾಹ್ನ ಅಪ್ಪ ಮಂಚದ ಕೆಳಗಿದ್ದ ಉಳಿ-ಗರಗಸಗಳ ಪೆಟ್ಟಿಗೆಯನ್ನು ಕಾಲಿನಿಂದ ಮುಟ್ಟಿ ನೋಡಿದ.

"ಇದೊಂದು ಸಿಗದಿದ್ರೆ ಇದನ್ನ ಯಾರಿಗಾದ್ರೂ ಕೊಟ್ಟುಬಿಡ್ತೀನಿ," ಎಂದ. "ತುಕ್ಕು ಹಿಡಿಯೋದನ್ನ ನೋಡ್ಕೊಂಡು ಕೂರೋಕೆ ನನ್ನ ಕೈಲಾಗಲ್ಲ."

ಅಮ್ಮ ಒಳಗೆ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು. ಮೊಳೆ ಫೋನು ಕೈಗೆತ್ತಿಕೊಂಡಳು.

ವಿಡಿಯೊಗಳೆಲ್ಲ ಒಂದೇ ರಾಗ ಹಾಡಿದವು. ಚಿತ್ರ ತಿರುಗಿಸುವ ಶ್ರಮವನ್ನು ತನ್ನ ಮೇಲೆ ಹಾಕಿಕೊಳ್ಳಲೆಂದೇ ಗ್ರಾಫಿಕ್ಸ್ ಕಾರ್ಡು ಎಂಬುದೊಂದು ಇರುತ್ತದೆ, ಈ ಡಬ್ಬದಲ್ಲಿ ಅದು ಇಲ್ಲ. ಹೊಸದು ಕೈಗೆಟಕುವಂಥದ್ದಲ್ಲ. ಹಳೆಯ ಕಂಪ್ಯೂಟರಿಗೆ ಹೊಂದುವ ಹಳೆಯ ಕಾರ್ಡನ್ನೇ ಹುಡುಕಬೇಕು. ಆದರೆ ಕೊಳ್ಳುವ ಮುಂಚೆ ಅಳತೆ ನೋಡಿ, ಅಳತೆ ನೋಡಿ ಎಂದು ಎಲ್ಲರೂ ಬಡಿದುಕೊಳ್ಳುತ್ತಿದ್ದರು. ಅಳತೆ ಎಂಬ ಮಾತು ಕೇಳಿದ್ದೇ ತಡ, ಅಪ್ಪ ಮಗಳು ಇಬ್ಬರ ಮುಖವೂ ಅರಳಿತು. ಅದಾದರೆ ತಮ್ಮ ಮನೆಯ ವಿದ್ಯೆ.

ಡಬ್ಬದ ಪಕ್ಕದ ತಗಡು ಬಿಚ್ಚಿ, ಟೇಪು ಹಿಡಿದು, ಕಾರ್ಡು ಕೂರುವ ಸಂದಿನ ಉದ್ದ ಅಗಲ ಎತ್ತರ ಎಲ್ಲವನ್ನೂ ಮೂರು ಮೂರು ಸಲ ಅಳೆದರು. ಅಪ್ಪ ಅಷ್ಟಕ್ಕೇ ಬಿಡಲಿಲ್ಲ. ಬಾಗಿಲ ಚೌಕಟ್ಟಿಗೆ ಅಚ್ಚು ಮಾಡಿಕೊಳ್ಳುವ ಹಾಗೆ ಇದಕ್ಕೂ ಒಂದು ಅಚ್ಚು ಬೇಕೆಂದ. ಅವನು ಕುರ್ಚಿಯಲ್ಲಿ ಕೂತು ಹೇಳಿದ, ಮೊಳೆ ಗರಗಸದ ಯಂತ್ರದಲ್ಲಿ ಕೊಯ್ದಳು. ಎರಡು ಪ್ಲೈವುಡ್ ತುಂಡುಗಳನ್ನು ಒಂದರ ಮೇಲೊಂದು ಅಂಟಿಸಿ, ತುದಿಯಲ್ಲಿ ಕಚ್ಚು ಹಾಕಿ, ಉಜ್ಜಿ ನುಣುಪು ಮಾಡಿ, ಮರದ್ದೇ ಒಂದು ಗ್ರಾಫಿಕ್ಸ್ ಕಾರ್ಡು ತಯಾರಾಯಿತು. ಡಬ್ಬದೊಳಗೆ ಇಟ್ಟರೆ ಎಷ್ಟು ಚೆನ್ನಾಗಿ ಕೂತಿತೆಂದರೆ ತೆಗೆಯಲು ಮನಸ್ಸು ಬರಲಿಲ್ಲ.

"ಇದನ್ನೇ ಬಿಟ್ಟುಬಿಡಿ," ಎಂದಳು ಅಮ್ಮ. "ಸವತಿ ಬಾಯಿಗೆ ಕಟ್ಟಿಗೆ ತುರುಕಿದ ಹಾಗಾಯ್ತು, ನನಗಂತೂ ಸಮಾಧಾನ."

ಕೊನೆಯ ವಿಡಿಯೊದಲ್ಲಿ ಇನ್ನೊಂದು ಮಾತಿತ್ತು: ಪವರ್ ಸಾಕಾಗುತ್ತದೆಯೇ ನೋಡಿಕೊಳ್ಳಿ. ಮೊಳೆ ತಲೆಯೆತ್ತಿ ಗೋಡೆಯ ಪ್ಲಗ್ಗು ನೋಡಿದಳು. ಹಲಗೆ ಸೀಳುವ ದೊಡ್ಡ ಗರಗಸದ ಯಂತ್ರ ಅದೇ ಪ್ಲಗ್ಗಿನಿಂದ ಓಡುತ್ತಿತ್ತು. ಗರಗಸಕ್ಕೇ ಸಾಕಾಗುವ ಕರೆಂಟು ಅಂಗೈಯಗಲದ ಕಾರ್ಡಿಗೆ ಸಾಲದೆ? ಆ ಪ್ರಶ್ನೆಯನ್ನು ಅವಳು ಅಲ್ಲಿಗೇ ಮುಗಿಸಿಬಿಟ್ಟಳು.

ಶುಕ್ರವಾರ ಬೆಳಿಗ್ಗೆ ಅಚ್ಚನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಬಸ್ ನಿಲ್ದಾಣದ ಹಿಂದಿನ ಬೀದಿಗೆ ಹೋದಳು. ಅಲ್ಲಿ ಉದ್ದಕ್ಕೂ ಹಳೆಯ ಕಂಪ್ಯೂಟರುಗಳ ಅಂಗಡಿಗಳು. ಕೀಬೋರ್ಡುಗಳನ್ನು ಇಟ್ಟಿಗೆಯ ಹಾಗೆ ಪೇರಿಸಿದ್ದರು. ಅಂಗಡಿಯವರು ಬಾಗಿಲಲ್ಲಿ ನಿಂತು ಹೋಗಿಬರುವವರನ್ನೆಲ್ಲ ಏನು ಬೇಕು, ಏನು ಬೇಕು ಎಂದು ಕೂಗಿ ಕರೆಯುತ್ತಿದ್ದರು. ಕರೆಯದೆ ತನ್ನ ಪಾಡಿಗೆ ತಾನಿದ್ದದ್ದು ಒಂದೇ ಅಂಗಡಿ. ಅದರೊಳಗೆ ತುಂಬು ಮೈಯ ಹೆಂಗಸೊಬ್ಬಳು ತುರುಬಿಗೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು ಒಂದು ಫ್ಯಾನಿನ ಧೂಳನ್ನು ಕುಂಚದಿಂದ ಗುಡಿಸುತ್ತಿದ್ದಳು. ಮೊಳೆ ಅಲ್ಲಿಗೇ ಹೋದಳು, ಮಾತಿಲ್ಲದೆ ಅಚ್ಚನ್ನು ಮೇಜಿನ ಮೇಲಿಟ್ಟಳು. ಅದರ ಮೇಲೆ ಪೆನ್ಸಿಲಿನಲ್ಲಿ ಬರೆದಿತ್ತು: ಗ್ರಾಫಿಕ್ಸ್ ಕಾರ್ಡು, ಇಷ್ಟೇ ಇರಬೇಕು.

ಅಂಗಡಿಯಾಕೆ ಅದನ್ನು ಎತ್ತಿ, ತಿರುಗಿಸಿ, ಮೂಸಿಯೂ ನೋಡಿದಳು. ಇಪ್ಪತ್ತು ವರ್ಷದಲ್ಲಿ ಕಾರ್ಡು ಕೇಳಲು ಎಂಥೆಂಥವರೋ ಬಂದಿದ್ದಾರೆ, ಕಾರ್ಡಿನ ಗೊಂಬೆ ಮಾಡಿಸಿಕೊಂಡು ಬಂದವರನ್ನು ಇದೇ ಮೊದಲು ಕಂಡದ್ದು ಎಂದು ನಕ್ಕಳು. ಆಮೇಲೆ ಪೆಟ್ಟಿಗೆಯಿಂದ ಒಂದೊಂದೇ ಕಾರ್ಡು ತೆಗೆದು, ಕಾಲಿಗೆ ಚಪ್ಪಲಿ ನೋಡುವ ಹಾಗೆ ಅಚ್ಚಿನ ಪಕ್ಕ ಇಟ್ಟು ನೋಡತೊಡಗಿದಳು. ನಾಲ್ಕನೆಯದು ಸರಿಹೋಯಿತು. ಎರಡು ಫ್ಯಾನಿನ, ನೋಡಲು ಲಕ್ಷಣವಾದ ಕಾರ್ಡು. ಕೊಡುವ ಮುಂಚೆ ಪವರ್ ಎಲ್ಲ ಇದೆ ತಾನೇ ಎಂದು ಕೇಳಿದಳು. ಮೊಳೆ ಗರಗಸವನ್ನು ನೆನೆದು ಜೋರಾಗಿ ತಲೆಯಾಡಿಸಿದಳು.

ಮನೆಯಲ್ಲಿ ಕಾರ್ಡು ಟಕ್ ಎಂದು ಕೂತಿತು. ಅಪ್ಪ ಅದರ ಅಂಚನ್ನು ಬೆರಳಿನಿಂದ ಸವರಿ, ಇದಪ್ಪಾ ಕೆಲಸ ಎಂದ. ಗುಂಡಿ ಒತ್ತಿದರು. ಪರದೆಯ ಮೇಲೆ ಒಂದೇ ಒಂದು ಸಾಲು ಮೂಡಿತು: ಕಾರ್ಡಿಗೆ ಪವರ್ ಕೇಬಲ್ ಸೇರಿಸಿ. ಆಗ ನೋಡಿದರೆ ಕಾರ್ಡಿನ ತಲೆಯ ಮೇಲೆ ಆರು ತೂತಿನ ಬಾಯೊಂದಿತ್ತು. ಅದಕ್ಕೆ ಉಣಿಸಬೇಕಾದ ಕೇಬಲು ಡಬ್ಬದೊಳಗಿನ ಪವರ್ ಪೆಟ್ಟಿಗೆಯಿಂದಲೇ ಬರಬೇಕು. ಇದ್ದಬದ್ದ ತಂತಿಗಳನ್ನೆಲ್ಲ ಜಾಲಾಡಿದರೂ ಅಂಥದ್ದೊಂದು ಇರಲಿಲ್ಲ. ಗೋಡೆಯ ಕರೆಂಟು ಗೋಡೆಯಲ್ಲೇ ಉಳಿಯಿತು.

ಅಪ್ಪ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಇರಲಿ ಬಿಡವ್ವ, ಜಾಗದ ಅಳತೆಯಂತೂ ಸರಿ ಇತ್ತು," ಎಂದು ಹೇಳಿ ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಶನಿವಾರ ಬೆಳಿಗ್ಗೆ ಮೊಳೆ ಮತ್ತೆ ಆ ಅಂಗಡಿಯ ಮುಂದೆ ನಿಂತಳು. ಹಿಂದಿನ ದಿನ ಅವಳ ಕಣ್ಣಿಗೂ ಬಿದ್ದಿರದ ಒಂದು ಬೋರ್ಡು ಗೋಡೆಯಲ್ಲಿತ್ತು: ಕೊಂಡ ಮಾಲು ವಾಪಸ್ ಇಲ್ಲ. ಬೀದಿಯ ಆ ತುದಿಯಿಂದ ಈ ತುದಿಗೆ ಎರಡು ಸಲ ನಡೆದಳು. ಅಚ್ಚಿನ ಮೇಲೆ ಬರೆದು ತೋರಿಸೋಣವೆಂದು ಪೆನ್ಸಿಲ್ ತೆಗೆದಳು. ತಾನು ಮಾಡಿದ ತಪ್ಪು ಪ್ಲೈವುಡ್ಡಿನ ಮೇಲೆ ಹಿಡಿಸುವಷ್ಟು ಚಿಕ್ಕದಲ್ಲ ಅನ್ನಿಸಿತು. ಮಂಚದ ಕೆಳಗಿನ ಪೆಟ್ಟಿಗೆ ಕಣ್ಣ ಮುಂದೆ ಬಂತು. ಒಳಗೆ ಹೋದಳು.

"ಅಕ್ಕ, ನಿನ್ನೆ ನೀವು ಪವರ್ ಇದೆಯಾ ಅಂತ ಕೇಳಿದ್ರಿ. ನಾನು ಇದೆ ಅಂತ ತಲೆಯಾಡಿಸಿದೆ. ನಾನು ಗೋಡೆ ಪವರ್ ಅಂದ್ಕೊಂಡಿದ್ದೆ. ನಮ್ಮನೇಲಿ ಗರಗಸದ ಮೆಷಿನ್ ಓಡುತ್ತೆ, ಇದು ಓಡಲ್ವಾ ಅಂದ್ಕೊಂಡೆ. ತಪ್ಪು ನನ್ನದೇ. ಆದ್ರೆ ನಾಳೆ ಹತ್ತು ಗಂಟೆಗೆ ನಮ್ಮಪ್ಪನಿಗೆ ಅಡುಗೆಮನೆ ತಿರುಗಿಸಲೇಬೇಕು."

ಅಷ್ಟು ಉದ್ದದ ಮಾತನ್ನು ಅವಳು ಆ ವರ್ಷದಲ್ಲಿ ಆಡಿರಲಿಲ್ಲ. ಅಂಗಡಿಯಾಕೆ ನಕ್ಕ ನಗುವಿಗೆ ತುರುಬಿನ ಸ್ಕ್ರೂಡ್ರೈವರ್ ಜಾರಿ ಕೆಳಗೆ ಬಿತ್ತು.

"ಗರಗಸ ಓಡುತ್ತೆ, ಇದು ಓಡಲ್ವಾ ಅಂತೆ," ಎಂದು ಕಣ್ಣೊರೆಸಿಕೊಂಡಳು. "ಅಲ್ಲ ಕಣೇ ತಾಯಿ, ಇಷ್ಟು ಚೆನ್ನಾಗಿ ಮಾತಾಡೋಕೆ ಬರೋಳು ನಿನ್ನೆ ಯಾಕೆ ಬಾಯಿಗೆ ಬೀಗ ಹಾಕ್ಕೊಂಡು ಬಂದಿದ್ದೆ? ಡಬ್ಬದೊಳಗಿನ ಪವರ್ ಪೆಟ್ಟಿಗೆ ಮೇಲೆ ಏನು ಬರೆದಿದೆ, ಅದನ್ನಾದ್ರೂ ನೋಡಿದ್ಯಾ?"

ಮೊಳೆ ಅಚ್ಚನ್ನು ಮಗುಚಿ ಹಿಡಿದಳು. ಪವರ್ ಪೆಟ್ಟಿಗೆಯ ಚೀಟಿಯಲ್ಲಿದ್ದದ್ದನ್ನೆಲ್ಲ ಒಂದು ಅಂಕಿಯೂ ತಪ್ಪದ ಹಾಗೆ ಅಲ್ಲಿ ಬರೆದುಕೊಂಡು ಬಂದಿದ್ದಳು. ಅಂಗಡಿಯಾಕೆ ಓದಿದಳು, ಹುಬ್ಬೇರಿಸಿದಳು, ಬೋರ್ಡಿನ ಕಡೆ ನೋಡಿ, ಅದು ಬೇರೆಯವರಿಗೆ ಬರೆಸಿದ್ದು ಎಂದು ಗೊಣಗಿ ಒಳಗೆ ಹೋದಳು. ತಂದದ್ದು ಒಂದು ಕುಳ್ಳ ಕಾರ್ಡು. ಬೇರೆ ಕೇಬಲು ಬೇಡದ್ದು, ಕೂತ ಜಾಗದಿಂದಲೇ ತನಗೆ ಬೇಕಾದಷ್ಟು ಕರೆಂಟು ಎಳೆದುಕೊಳ್ಳುವಂಥದ್ದು. ಅಡುಗೆಮನೆ ತಿರುಗಿಸಲು ಧಾರಾಳ ಸಾಕು. ಆದರೆ ತೆಳು ಡಬ್ಬಗಳಿಗಾಗಿ ಮಾಡಿದ್ದಾದ್ದರಿಂದ ಅದರ ಹಿಂದಿನ ತಗಡಿನ ಪಟ್ಟಿ ಗಿಡ್ಡ. ಎತ್ತರದ ಡಬ್ಬಕ್ಕೆ ಸ್ಕ್ರೂ ಹಾಕಲು ಎಟಕುವುದಿಲ್ಲ. ಜೊತೆಗೆ ಬರಬೇಕಾಗಿದ್ದ ಉದ್ದ ಪಟ್ಟಿಯನ್ನು ಹಿಂದಿನವರು ಯಾರೋ ಕಳೆದುಹಾಕಿದ್ದರು.

"ಹಾಗೇ ಕೂರಿಸಿದ್ರೆ ಪರದೆ ಕೇಬಲ್ ಭಾರಕ್ಕೆ ವಾಲುತ್ತೆ," ಎಂದಳು ಅಂಗಡಿಯಾಕೆ. "ಪಟ್ಟಿ ಹುಡುಕೋಕೆ ವಾರವಾದ್ರೂ ಬೇಕು."

ಮೊಳೆ ಆ ಗಿಡ್ಡ ಪಟ್ಟಿಯನ್ನು ನೋಡಿದಳು. ಎರಡು ಬಾಗು, ಒಂದು ತೂತು, ಒಂದು ಚೌಕದ ಕಿಂಡಿ.

"ಪಟ್ಟಿ ತಾನೇ ಅಕ್ಕ? ಅದನ್ನ ನಮಗೆ ಬಿಡಿ."

ಬದಲಿ ಕೊಟ್ಟಿದ್ದಕ್ಕೆ ಅಂಗಡಿಯಾಕೆ ಕೇಳಿದ್ದು ಒಂದೇ, ಆ ಪ್ಲೈವುಡ್ಡಿನ ಗೊಂಬೆ. ಅದನ್ನು ಬೋರ್ಡಿನ ಕೆಳಗೆ ಮೊಳೆ ಹೊಡೆದು ನೇತುಹಾಕುತ್ತೇನೆಂದಳು. ಮೊಳೆಗೆ ನಗು ಬಂತು, ಯಾಕೆಂದು ಹೇಳಲಿಲ್ಲ.

ಮನೆಗೆ ಬಂದವಳೇ ಡಬ್ಬದ ಹಿಂದಿನ ಖಾಲಿ ಕಿಂಡಿಗೆ ಮುಚ್ಚಳವಾಗಿದ್ದ ಉದ್ದದ ತಗಡನ್ನು ಬಿಚ್ಚಿ, ಗಿಡ್ಡ ಪಟ್ಟಿಯ ಜೊತೆ ಅಪ್ಪನ ಅಂಗೈಯಲ್ಲಿಟ್ಟಳು. ಅಪ್ಪ ಎದ್ದು ಕೂತ. ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದು ನೋಡಿದ. ಏನು ಮಾಡಬೇಕೆಂದು ಯಾರೂ ಅವನಿಗೆ ಹೇಳಬೇಕಾಗಲಿಲ್ಲ.

"ಪೆಟ್ಟಿಗೆ ಈಚೆ ಎಳಿ," ಎಂದ.

ಒಂದು ವರ್ಷದ ಮೇಲೆ ಮಂಚದ ಕೆಳಗಿಂದ ಪೆಟ್ಟಿಗೆ ಹೊರಗೆ ಬಂತು. ಅಪ್ಪ ಕುರ್ಚಿಯಲ್ಲಿ ಕೂತು ಸೂಜಿಯಿಂದ ಗೆರೆ ಹಾಕಿದ, ಸಣ್ಣ ಗರಗಸದಿಂದ ಕಿಂಡಿ ಕೊಯ್ದ, ಅರದಿಂದ ಅಂಚು ತಿಕ್ಕಿದ. ಮೊಳೆ ತಗಡು ಅಲುಗದಂತೆ ಹಿಡಿದುಕೊಂಡಳು. ಕಾರ್ಡಿಗೆ ಬಿಗಿಯಬೇಕಾದ ಎರಡು ಪುಟ್ಟ ಸ್ಕ್ರೂಗಳನ್ನು ಅಪ್ಪ ತುಟಿಗಳ ನಡುವೆ ಕಚ್ಚಿಕೊಂಡಿದ್ದ. ಅಮ್ಮ ಚಹಾ ತಂದವಳು ಆ ತುಟಿಗಳನ್ನು ನೋಡಿ ಬಾಗಿಲಲ್ಲೇ ನಿಂತಳು. ಸವತಿಯ ಮಾತು ಎತ್ತಲಿಲ್ಲ. ಲೋಟ ಇಟ್ಟು ಒಳಗೆ ಹೋದಳು.

ಪಟ್ಟಿ ಹೊಂದಿತು. ಸಂಜೆಯೊಳಗೆ ಅಡುಗೆಮನೆ ಉಬ್ಬಸವಿಲ್ಲದೆ ಗಿರ್ರನೆ ತಿರುಗಿತು. ಅಪ್ಪ ಮಕ್ಕಳ ಹಾಗೆ ಅದನ್ನು ತಿರುಗಿಸಿದ್ದೇ ತಿರುಗಿಸಿದ್ದು. ತಲೆ ಸುತ್ತುತ್ತೆ, ಸಾಕು ಮಾಡಿ ಎಂದು ಅಮ್ಮ ಒಳಗಿನಿಂದಲೇ ಗದರಿಸಬೇಕಾಯಿತು.

ಭಾನುವಾರ ಹತ್ತಕ್ಕೆ ಸರಿಯಾಗಿ ಮುಖ್ಯೋಪಾಧ್ಯಾಯಿನಿ ಬಂದರು. ಕೈಯಲ್ಲಿದ್ದ ಕೊಡೆಯನ್ನು ಬಾಗಿಲ ಪಕ್ಕದ ಗೂಟಕ್ಕೆ ತೂಗುಹಾಕಿ, ಉತ್ತರಪತ್ರಿಕೆ ತಿದ್ದುವವರ ಹಾಗೆ ಪರದೆಯ ಮುಂದೆ ಕೂತರು. ಒಲೆಯ ಕಡೆಯಿಂದ ತೋರಿಸಿ, ಕಿಟಕಿಯ ಕಡೆಯಿಂದ ತೋರಿಸಿ ಎಂದರು. ಅಡುಗೆಮನೆ ಹೇಳಿದ ಕಡೆಗೆಲ್ಲ ತಿರುಗಿತು. ಕೊನೆಗೆ ಮೇಲಿನ ಕಪಾಟಿನ ಮೇಲೆ ಬೆರಳಿಟ್ಟು ಕೇಳಿದರು, "ಇದು ನನಗೆ ಎಟಕುತ್ತಾ?"

ಅಪ್ಪ ಕೂತಲ್ಲಿಂದ ಅವರ ಎತ್ತರವನ್ನು ಅಂದಾಜು ಮಾಡಲಾರದೆ ತಡವರಿಸಿದ. ಬಂದಾಗ ಅವರು ಕೊಡೆ ತೂಗುಹಾಕಲು ತುದಿಗಾಲಲ್ಲಿ ನಿಂತದ್ದನ್ನು ಕಂಡವಳು ಮೊಳೆ ಒಬ್ಬಳೇ.

"ಎಟಕಲ್ಲ ಮೇಡಂ," ಎಂದಳು. "ನಾಲ್ಕು ಬೆರಳು ಇಳಿಸಬೇಕು."

ಅಪ್ಪ ಅವಳ ಮುಖ ನೋಡಿದ. ಆಮೇಲೆ ಮೌಸು ಹಿಡಿದು, ಅಲ್ಲೇ, ಅವರ ಕಣ್ಣ ಮುಂದೆಯೇ ಕಪಾಟನ್ನು ನಾಲ್ಕು ಬೆರಳು ಇಳಿಸಿ, ಅಡುಗೆಮನೆಯನ್ನು ಮತ್ತೊಂದು ಸುತ್ತು ತಿರುಗಿಸಿದ. ಮುಖ್ಯೋಪಾಧ್ಯಾಯಿನಿ ಕನ್ನಡಕ ತೆಗೆದು ಮಡಿಚಿದರು. ಈ ವಾರವೇ ಶುರು ಮಾಡಿ ಎಂದರು. ಮನೆಗೆ ಬಂದು ಗೋಡೆಗಳ ಅಳತೆ ತೆಗೆದುಕೊಳ್ಳುವವರು ಯಾರು ಎಂದೂ ಕೇಳಿದರು.

"ಇವಳೇ ಬರ್ತಾಳೆ," ಎಂದ ಅಪ್ಪ.

ಅವರು ಹೊರಟ ಮೇಲೆ ಅಮ್ಮ ಸೆರಗಿನಿಂದ ಡಬ್ಬದ ಮೇಲಿನ ಧೂಳು ಒರೆಸಿದಳು. ಇಷ್ಟು ದಿನದಲ್ಲಿ ಅವಳು ಅದನ್ನು ಮುಟ್ಟಿದ್ದು ಅದೇ ಮೊದಲು. "ಪರವಾಗಿಲ್ಲ, ಬೆಚ್ಚಗಿದಾಳೆ," ಎಂದಳು. ಮೊಳೆ ಟೇಪು ಹುಡುಕುತ್ತಿದ್ದಳು. ಪೆನ್ಸಿಲು ಆಗಲೇ ಕಿವಿಯ ಮೇಲಿತ್ತು.