ಬದುವಿನ ಬಾಯಿ

ಗೊಬ್ಬರದ ಖಾಲಿ ಚೀಲಗಳಿಗೆ ಕೆಸರು ತುಂಬಿ ಬಸವಲಿಂಗ ಬದುವಿನ ಬಾಯಿ ಮುಚ್ಚುತ್ತಿದ್ದ. ತುರ್ವಿಹಾಳದ ಈ ಕಡೆ ಕಾಲುವೆ ನೀರು ಮೊದಲು ಅವನ ಗದ್ದೆಗೆ ಬಂದು, ಆ ಬಾಯಿಯಿಂದ ಕೆಳಗಿನ ನಾಸೀರ್‌ನ ಗದ್ದೆಗೆ ಇಳಿಯಬೇಕು. ಅಪ್ಪಂದಿರ ಕಾಲದಿಂದ ಹಾಗೇ ಇಳಿದಿತ್ತು.

"ಇನ್ನೊಂದು ಚೀಲ ಹಾಕಪ, ಸಂದ್ಯಾಗ ಜಿನುಗಾಕತ್ತೈತಿ," ಎಂದ ಬದುವಿನ ಮೇಲೆ ಕುಳಿತಿದ್ದ ಗೆಳೆಯ ದುರುಗೇಶ. "ಒಂದು ಹನಿ ಹೋಗಬಾರ್ದು."

"ಹೋಗಂಗಿಲ್ಲ."

ಬಸವಲಿಂಗನ ತಮ್ಮ ಚನ್ನು ಗೆಳೆಯರೊಂದಿಗೆ ಉತ್ತರದ ಬೆಟ್ಟಗಳನ್ನು ನೋಡಲು ಹೋಗಿದ್ದ. ಬಂದೂಕು ಹಿಡಿದವರು ಬಸ್ಸು ನಿಲ್ಲಿಸಿ, ಹೆಸರು ಕೇಳಿ ಕೇಳಿ ಗುಂಡು ಹೊಡೆದಿದ್ದರು. ಸಿಂಧನೂರು ಬಂದ್ ಆಯಿತು, ಮೇಣದಬತ್ತಿಯ ಮೆರವಣಿಗೆ ಹೋಯಿತು, ಚನ್ನುವಿನ ನಗುಮುಖ ಫ್ಲೆಕ್ಸ್ ಏರಿತು. ದೇಶವೇ ಅಳುತ್ತಿದೆ ಎಂದು ಟಿವಿ ಹೇಳುತ್ತಲೇ ಇತ್ತು. ಬಸವಲಿಂಗನಿಗೆ ಅಳು ಬರಲಿಲ್ಲ. ಯಾರನ್ನಾದರೂ ಹೊಡೆಯಬೇಕಿತ್ತು. ಕೊಂದವರು ಕೈಗೆ ಸಿಗುವಷ್ಟು ಹತ್ತಿರ ಇರಲಿಲ್ಲ. ನಾಸೀರ್ ಇದ್ದ.

ಕೆಳಗಿನ ಗದ್ದೆ ಬಿರುಕು ಬಿಟ್ಟ ಮೇಲೆ ನಾಸೀರ್ ಬಸವಲಿಂಗನ ಮನೆಯಂಗಳಕ್ಕೆ ಬಂದ.

"ಬಸಣ್ಣ, ತೆನಿ ಹಾಲು ತುಂಬೋ ಟೈಮು. ಈಗ ನೀರು ಬಿಡ್ಲಿಲ್ಲಂದ್ರ ಬರೇ ಜೊಳ್ಳು."

"ಜೊಳ್ಳರ ಆಗ್ಲಿ, ಸುಟ್ಟರ ಹೋಗ್ಲಿ."

"ನಾ ಏನ್ ಮಾಡೀನಿ ಹೇಳಣ್ಣ. ಚನ್ನೂನ ಮಣ್ಣಿಗೆ ನಾನೂ ಹೆಗಲು ಕೊಟ್ಟೀನಿ."

"ಅದಕ್ಕ ಇನ್ನಾ ಕಾಲಮ್ಯಾಲೆ ನಿಂತು ಮಾತಾಡಾಕತ್ತಿ. ನಡಿ."

ನಾಸೀರ್ ಹೊರಟುಹೋದ. ಮಣ್ಣು ಮಾಡಿ ಬಂದಾಗಿನಿಂದ ಮಾತೇ ಆಡದ ತಾಯಿ ಶಿವಬಸಮ್ಮ ಹೊಸ್ತಿಲಲ್ಲಿ ನಿಂತಿದ್ದಳು.

"ನೀರು ಬಂದ್ ಮಾಡೀಯೇನು?"

"ಹೂಂ. ನಿನ್ನ ಮಗನ್ನ ಕೊಂದೋರು ಅವರ ಮಂದಿ."

"ಆ ಮಗ್ಗುಲ ಹೊನ್ನೂರಪ್ಪನ ಗದ್ದಿಗೂ ನಮ್ಮ ಗದ್ದಿ ನೀರೇ ಹೋಗತೈತಿ. ಅದನ್ನ ಬಿಟ್ಟೀಯಲ್ಲ."

"ಅವ ನಮ್ಮವ."

"ಅಂದ್ರ ಹೆಸ್ರು ನೋಡಿ ಬಂದ್ ಮಾಡೀದಿ." ಶಿವಬಸಮ್ಮ ಗೋಡೆಯ ಫೋಟೋ ನೋಡಿದಳು. "ಚನ್ನೂಗೂ ಹೆಸ್ರೇ ಕೇಳಿದ್ರಂತ."

"ಅವ್ವ, ಅದೂ ಇದೂ ಒಂದೇನು?"

ಅವಳು ಒಳಗೆ ಹೋದಳು.

ಇಳಿಹೊತ್ತಿಗೆ ಬಸವಲಿಂಗ ಸಲಿಕೆ ಹಿಡಿದು ಬದುವಿಗೆ ಬಂದ. ಕೆಳಗೆ, ಬಾಡಿದ ಪೈರಿನ ಅಂಚಿನಲ್ಲಿ ನಾಸೀರ್ ಕುಳಿತಿದ್ದ. ಮಗ್ಗುಲಲ್ಲೇ ಸಲಿಕೆ ಇತ್ತು. ಚೀಲಗಳನ್ನು ಅವನು ಮುಟ್ಟಿರಲಿಲ್ಲ.

"ಸಿಟ್ಟು ಹೋಗಿಲ್ಲ ನಂದು," ಎಂದ ಬಸವಲಿಂಗ. "ಕೊಂದೋರು ಸಿಕ್ಕರ ಈ ಸಲಿಕಿಲೆ ಕಡಿತೀನಿ."

"ನಾ ಹಿಡಕೊಡ್ತೀನಿ."

ಬಸವಲಿಂಗ ಮೊದಲ ಚೀಲ ಎಳೆದ. ನೀರಿನ ಭಾರಕ್ಕೆ ಅದು ಅಲುಗಲಿಲ್ಲ. ಕೆಳಗಿನಿಂದ ನಾಸೀರ್ ಕೈ ಹಾಕಿದ. ಚೀಲ ಕಿತ್ತು ಬಂದಾಗ ನೀರು ಇಬ್ಬರ ಕಾಲಿಗೂ ಬಡಿದು ಬಿರುಕುಗಳಿಗೆ ಇಳಿಯಿತು. ಬಸವಲಿಂಗ ಬದುವಿನ ಮೇಲೆ ಕುಸಿದು, ಮೊಣಕಾಲಿಗೆ ಮುಖವಿಟ್ಟು, ಮೊದಲ ಸಲ ಅತ್ತ.

ನಾಸೀರ್ ಇನ್ನೊಂದು ಚೀಲಕ್ಕೆ ಕೈ ಹಾಕಿದ.